ಗುರುವಾರ ನಾನು ನೋಡಿದ್ದು

ಬೇರೆಯವರು ಕೆಟ್ಟ ಕೆಲಸಗಳನ್ನು ಯಾಕೆ ಮಾಡಿದರು ಎಂದು ವಿವರಿಸುವುದೇ ನನ್ನ ಹೊಟ್ಟೆಪಾಡು. ಗಾಬರಿಯಾಗಬೇಡಿ, ನಾನು ವಕೀಲಳಲ್ಲ, ಪೊಲೀಸಿನವಳೂ ಅಲ್ಲ. ವಾಮಂಜೂರಿನ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಹದಿನೇಳು ವರ್ಷಗಳಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಅದರಲ್ಲಿ ಸುಮಾರು ಅರ್ಧದಷ್ಟು ವರ್ಷ, ಪಠ್ಯಪುಸ್ತಕ ಸಮಿತಿಯವರ ಕೃಪೆಯಿಂದ, ಒಂದೇ ನಾಟಕ ನನ್ನ ಪಾಲಿಗೆ ಬಂದಿದೆ. ಹಿಂದಿನ ಕಾಲದ ಒಂದು ಸಣ್ಣ ಊರು. ಅಲ್ಲಿ ಕೆಲವು ಹೆಂಗಸರನ್ನು ಮಾಟಗಾತಿಯರೆಂದು ಹಿಡಿದು ವಿಚಾರಣೆ ನಡೆಸುತ್ತಾರೆ. ಒಬ್ಬರು ಬೆರಳು ತೋರಿಸಿದರೆ ಇನ್ನೊಬ್ಬರೂ ತೋರಿಸುತ್ತಾರೆ. ಕೊನೆಗೆ ಏನೂ ಮಾಡದವರು ನೇಣಿಗೆ ಹೋಗುತ್ತಾರೆ. ರಂಗದ ಮೇಲೆ ಹೆಸರು ಮಾಡಿದ ದೊಡ್ಡ ನಾಟಕವಂತೆ. ನನಗೆ ಮಾತ್ರ ಅದು ಐದು ಅಂಕದ ಪ್ರಶ್ನೆಗಳ ಗಣಿ.

ಯಾವ ಪಾತ್ರದ ಹೊಟ್ಟೆಯಲ್ಲಿ ಏನಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಈ ಯಜಮಾನನಿಗೆ ನೆರೆಯವನ ಹೊಲದ ಮೇಲೆ ಕಣ್ಣು. ಈ ಹುಡುಗಿಗೆ ತನ್ನ ತಪ್ಪು ಹೊರಗೆ ಬಿದ್ದೀತೆಂಬ ಹೆದರಿಕೆ. ಈ ನ್ಯಾಯಾಧೀಶನಿಗೆ ಒಮ್ಮೆ ಕೊಟ್ಟ ತೀರ್ಪು ತಪ್ಪೆಂದು ಒಪ್ಪಿಕೊಳ್ಳುವ ನಾಚಿಕೆ. ಒಬ್ಬೊಬ್ಬರಿಗೆ ಎರಡೆರಡು ಉದ್ದೇಶಗಳನ್ನು ಹಂಚಿ, ಅಡಿಗೆರೆ ಎಳೆಸಿ ಬರೆಸಿದ ನನ್ನ ನೋಟ್ಸು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ವರ್ಷಗಟ್ಟಲೆ ಪ್ರತಿಯಾಗುತ್ತ ಪ್ರತಿಯಾಗುತ್ತ ಈಗ ಅಕ್ಷರಗಳೇ ಮಾಸಿಹೋಗಿವೆ. ನನ್ನ ವಿದ್ಯಾರ್ಥಿಗಳು ಅದರಲ್ಲಿ ಮಾಸಿದ ಪದಗಳನ್ನು ಮಾಸಿದ ಹಾಗೆಯೇ ಪರೀಕ್ಷೆಯಲ್ಲಿ ಬರೆದು ಪಾಸಾಗುತ್ತಾರೆ.

ಕಳೆದ ವರ್ಷ ಅಫ್ರೀನಾ ಎಂಬ ಹುಡುಗಿ ಈ ವ್ಯವಸ್ಥೆಗೆ ಕಲ್ಲು ಹಾಕಿದಳು. ನಾಟಕದ ವಿಚಾರಣೆಯ ದೃಶ್ಯದಲ್ಲಿ ನೆರೆಮನೆಯ ಹೆಂಗಸೊಬ್ಬಳು ಎದ್ದು ನಿಂತು, "ನಾನೂ ನೋಡಿದೆ" ಎನ್ನುತ್ತಾಳೆ, ಕೂರುತ್ತಾಳೆ. ಅಷ್ಟೇ ಅವಳ ಪಾತ್ರ. ಅಫ್ರೀನಾ ಕೈ ಎತ್ತಿ, "ಮ್ಯಾಮ್, ಅವಳಿಗೆ ಜಾಗ ಬೇಡ, ದ್ವೇಷ ಇಲ್ಲ, ಹೆದರಿಕೆ ಕೂಡ ಇಲ್ಲ. ಮತ್ತೆ ಅವಳು ಯಾಕೆ ಹೇಳಿದ್ದು?" ಎಂದು ಕೇಳಿದಳು. ನಾನು ನೋಟ್ಸು ತಿರುವಿ ನೋಡಿದೆ. ಇರಲಿಲ್ಲ. "ಅದು ಸಣ್ಣ ಪಾತ್ರ. ಪರೀಕ್ಷೆಗೆ ಬರುವುದಿಲ್ಲ" ಎಂದೆ. ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಗುರಾಣಿಯನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ.

ಅದೇ ತಿಂಗಳು ನಮ್ಮ ಸ್ಟಾಫ್ ರೂಮಿನಲ್ಲಿ ಗೋಳಿಬಜೆಯ ಪ್ರಕರಣ ನಡೆಯಿತು. ನಮ್ಮಲ್ಲಿ ಹತ್ತೂವರೆಗೆ ಚಹಾದ ವಿರಾಮ. ಅಟೆಂಡರ್ ಲೀಲಕ್ಕ ಚಹಾದ ಜೊತೆಗೆ ಕ್ಯಾಂಟೀನಿನಿಂದ ಆಗಷ್ಟೇ ಎಣ್ಣೆಯಲ್ಲಿ ಕರಿದ ಬಿಸಿ ಗೋಳಿಬಜೆ ತರುತ್ತಾಳೆ. ಗಂಟೆ ಹೊಡೆಯುವಾಗ ಗೋಳಿಬಜೆ ಇನ್ನೂ ಬಿಸಿಯಾಗಿಯೇ ಇರುತ್ತದೆ. ಅದನ್ನು ಬಿಟ್ಟು ತರಗತಿಗೆ ಓಡುವಷ್ಟು ಕಲ್ಲುಮನಸ್ಸು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಐದು ನಿಮಿಷ ಹತ್ತಾಯಿತು, ಹತ್ತು ಹದಿನೈದಾಯಿತು. ಒಂದು ಸೋಮವಾರ ಪ್ರಿನ್ಸಿಪಾಲರ ಸುತ್ತೋಲೆ ಬಂತು. ಗಂಟೆಯಾದ ಮೇಲೂ ಕೆಲವು ಅಧ್ಯಾಪಕರು ಗೋಳಿಬಜೆ ತಿನ್ನುತ್ತ ಕುಳಿತಿರುವುದು ಗಮನಕ್ಕೆ ಬಂದಿದೆ, ಇನ್ನು ಮುಂದೆ ಸ್ಟಾಫ್ ರೂಮಿಗೆ ತಿಂಡಿ ತರಕೂಡದು ಎಂದಿತ್ತು. ತಿಂಡಿಯ ಹೆಸರನ್ನೇ ಬರೆದಿದ್ದರು. ಅದು ನಮ್ಮನ್ನು ಚುಚ್ಚಿತು.

"ಒಳಗಿನವರೇ ಹೇಳಿದ್ದು" ಎಂದರು ವಾಣಿಜ್ಯ ವಿಭಾಗದ ಹರೀಶ್ ಸರ್. "ಹೊರಗಿನವರಿಗೆ ಗೋಳಿಬಜೆಯಾ ಪೋಡಿಯಾ ಅಂತ ಹೇಗೆ ಗೊತ್ತಾಗ್ತದೆ?"

ಕನ್ನಡದ ವಸಂತಿ ಕಿಟಕಿಯ ಕಡೆ ನೋಡಿ, "ಲೈಬ್ರರಿಯಲ್ಲಿ ಕೂತ್ರೆ ನಮ್ಮ ಟೇಬಲ್ ಸೀದಾ ಕಾಣ್ತದೆ ಮಾರಾಯ್ರೆ" ಎಂದಳು.

ಆಗ ನಾನು ಬಾಯಿ ತೆರೆದೆ. "ಗುರುವಾರ ಸೆವ್ರಿನ್ ಮೇಡಂ ಪ್ರಿನ್ಸಿಪಾಲರ ಚೇಂಬರಿನಿಂದ ಹೊರಗೆ ಬರುವುದನ್ನು ನಾನು ನೋಡಿದೆ."

ನಾನು ಸುಳ್ಳು ಹೇಳಲಿಲ್ಲ. ನಮ್ಮ ಲೈಬ್ರರಿಯನ್ ಸೆವ್ರಿನ್ ಮೇಡಂ ಆ ಗುರುವಾರ ಚೇಂಬರಿನಿಂದ ಬಂದದ್ದು ನಿಜ, ನಾನು ನೋಡಿದ್ದೂ ನಿಜ. ಆದರೆ ಅದನ್ನು ಎಲ್ಲಿ, ಯಾವ ಮಾತಿನ ಬೆನ್ನಿಗೆ ಹೇಳುತ್ತಿದ್ದೇನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಹದಿನೇಳು ವರ್ಷಗಳಲ್ಲಿ ಆ ಕೋಣೆಯಲ್ಲಿ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ. ಹರೀಶ್ ಸರ್ ಅಂತೂ ಮೊಬೈಲನ್ನೇ ಕೆಳಗಿಟ್ಟರು. "ಗುರುವಾರವಾ? ಎಷ್ಟು ಗಂಟೆಗೆ?" ಎಂದು ಕೇಳಿದರು. "ಹನ್ನೊಂದರ ಹತ್ತಿರ" ಎಂದೆ. "ಕೈಯಲ್ಲಿ ಎಂತಾದ್ರೂ ಪೇಪರ್ ಇತ್ತಾ?" ಎಂದರು. ಇತ್ತು. ಲೈಬ್ರರಿಯನ್ನರ ಕೈಯಲ್ಲಿ ಪೇಪರ್ ಇಲ್ಲದೆ ತೆಂಗಿನಕಾಯಿ ಇರುತ್ತದೆಯೇ? ಆದರೆ ನಾನು ಹಾಗೆ ಹೇಳಲಿಲ್ಲ. "ಇತ್ತು" ಎಂದಷ್ಟೇ ಹೇಳಿದೆ.

ಇಲ್ಲಿ ಒಂದು ಮಲ್ಲಿಗೆಯ ವಿಷಯ ಹೇಳಬೇಕು. ಮಣ್ಣಗುಡ್ಡದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಲ್ಲಿಗೆ ಬೆಳೆಸುವ ಹುಚ್ಚು ನನಗೆ ಆರು ವರ್ಷಗಳ ಹಿಂದೆ ಒಮ್ಮೆ ಹಿಡಿದಿತ್ತು. ಕುಂಡದಲ್ಲಿ ಮಲ್ಲಿಗೆ ಬೆಳೆಸುವ ಬಗ್ಗೆ ಒಂದು ಪುಸ್ತಕವನ್ನು ಲೈಬ್ರರಿಯಿಂದ ತಂದೆ. ಗಿಡ ಒಣಗಿತು, ಪುಸ್ತಕ ಮನೆಯಲ್ಲೇ ಉಳಿಯಿತು. ಎರಡು ವರ್ಷಗಳ ಮೇಲೆ ಒಂದು ದಿನ ಸೆವ್ರಿನ್ ಮೇಡಂ ಕೌಂಟರಿನಲ್ಲಿ, ಇಪ್ಪತ್ತು ಮಂದಿ ವಿದ್ಯಾರ್ಥಿಗಳ ಎದುರಿಗೆ, ತಮ್ಮ ದಪ್ಪ ಕನ್ನಡಕದ ಮೇಲಿಂದ ನೋಡುತ್ತ, "ಮೇಡಂ, ನಿಮ್ಮ ಹೆಸರಲ್ಲಿ ಮಲ್ಲಿಗೆ ಪುಸ್ತಕ ಒಂದು ಉಂಟಲ್ಲ, ಇನ್ನೂ ಬರ್ಲಿಲ್ಲ" ಎಂದರು. ಇಂಗ್ಲಿಷ್ ಮೇಡಂ ದೊಡ್ಡ ದೊಡ್ಡ ನಾಟಕಕಾರರನ್ನು ಓದುತ್ತಾರೆಂದು ನಂಬಿದ್ದ ಮಕ್ಕಳು ಕಿಸಕ್ಕೆಂದರು. "ಅದನ್ನು ಆಗಲೇ ಕೊಟ್ಟಾಯಿತಲ್ಲ! ನೀವೇ ಸರಿಯಾಗಿ ನೋಡಿ" ಎಂದು ನಾನು ಗಡುಸಾಗಿ ಹೇಳಿದೆ. ಸಂಜೆ ಮನೆಗೆ ಬಂದು ಹುಡುಕಿದರೆ ಪುಸ್ತಕ ಫ್ರಿಜ್ಜಿನ ಮೇಲೆ, ಹಳೆಯ ಕ್ಯಾಲೆಂಡರುಗಳ ಅಡಿಯಲ್ಲಿತ್ತು. ಮರುದಿನ ಸೀರೆಯ ಸೆರಗಿನಡಿ ಒಯ್ದು, ಯಾರೂ ಇಲ್ಲದಾಗ ಯಾವುದೋ ಕಪಾಟಿನಲ್ಲಿ ತುರುಕಿ ಬಂದೆ. ತುರುಕಿದ್ದು ಅರ್ಥಶಾಸ್ತ್ರದ ಸಾಲಿನಲ್ಲಿ. ಮಧ್ಯಾಹ್ನ ನೋಡುತ್ತೇನೆ, ಸೆವ್ರಿನ್ ಮೇಡಂ ಆ ಪುಸ್ತಕವನ್ನು ಕೈಯಲ್ಲಿ ಹಿಡಿದು, ಅದರ ಮೇಲಿನ ಧೂಳನ್ನು ತಮ್ಮ ಸೀರೆಯ ತುದಿಯಿಂದ ಒರೆಸುತ್ತಿದ್ದಾರೆ. ನನ್ನನ್ನು ನೋಡಿದರು. ಒಂದು ಮಾತೂ ಆಡದೆ ರಿಜಿಸ್ಟರಿನಲ್ಲಿ ಬರೆದುಕೊಂಡರು. ಯಾರಿಗೂ ಹೇಳಲಿಲ್ಲ ಕೂಡ. ಹೇಳಿಬಿಟ್ಟಿದ್ದರೆ ಜಗಳವಾಡಿ ಮುಗಿಸುತ್ತಿದ್ದೆನೇನೋ. ಅವರು ಹೇಳದೆ ಇದ್ದದ್ದರಿಂದ, ಅವರನ್ನು ಕಂಡಾಗಲೆಲ್ಲ ನನಗೆ ಸೆರಗಿನಡಿಯ ಆ ಪುಸ್ತಕ ಚುಚ್ಚುತ್ತಿತ್ತು.

ನಾನು ಗುರುವಾರದ ಮಾತು ಹೇಳಿದ ಮೇಲೆ ಯಾರೂ ಸೆವ್ರಿನ್ ಮೇಡಂ ಅವರನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ನಾವು ಓದಿದವರು, ಸಭ್ಯರು, ಹಾಗಾಗಿ ಮಾತು ಬಿಟ್ಟೆವು. ಅವರು ಸ್ಟಾಫ್ ರೂಮಿಗೆ ಬಂದರೆ ಒಮ್ಮೆಲೇ ಎಲ್ಲರಿಗೂ ಸೆಖೆಯ ಬಗ್ಗೆ ಮಾತನಾಡಬೇಕು ಎನಿಸುತ್ತಿತ್ತು. "ಎಂತ ಸೆಖೆ ಮಾರಾಯ್ರೆ!" ವಾಟ್ಸಾಪಿನಲ್ಲಿ ಹೊಸದೊಂದು ಗುಂಪು ಹುಟ್ಟಿತು. ಅದರಲ್ಲಿ ಅವರೊಬ್ಬರಿರಲಿಲ್ಲ. ಹತ್ತೂವರೆಗೆ ಲೈಬ್ರರಿಗೆ ಹೋಗುತ್ತಿದ್ದ ಚಹಾದ ಲೋಟವೂ ನಿಂತಿತು. ನಿಲ್ಲಿಸು ಎಂದು ಲೀಲಕ್ಕನಿಗೆ ಯಾರು ಹೇಳಿದರೋ ನನಗೆ ಗೊತ್ತಿಲ್ಲ. ನಾನಂತೂ ಹೇಳಲಿಲ್ಲ, ಕೊಡು ಎಂದೂ ಹೇಳಲಿಲ್ಲ.

ಕ್ರಿಸ್‌ಮಸ್‌ಗೆ ಅವರು ಪ್ರತಿವರ್ಷದಂತೆ ಕುಸ್ವಾರ್ ತಿಂಡಿಗಳ ದೊಡ್ಡ ಡಬ್ಬಿ ತಂದು ನಮ್ಮ ಮೇಜಿನ ಮೇಲಿಟ್ಟು, "ತಕೊಳ್ಳಿ ಎಲ್ಲರೂ" ಎಂದು ಹೇಳಿ ಹೋದರು. ಹಿಂದೆಲ್ಲ ಆ ಡಬ್ಬಿ ಹತ್ತು ನಿಮಿಷ ಬಾಳುತ್ತಿರಲಿಲ್ಲ. ಈ ಸಲ ಎರಡು ದಿನ ಮುಚ್ಚಳ ತೆರೆಯದೆ ಅಲ್ಲೇ ಕುಳಿತಿತ್ತು. ಮೂರನೆಯ ದಿನ ಕೋಣೆಯಲ್ಲಿ ಯಾರೂ ಇಲ್ಲದಾಗ ನಾನು ಕರ್ಜಿಕಾಯಿಯಂಥ ಎರಡು ನೆವ್ರಿಗಳನ್ನು ಉತ್ತರಪತ್ರಿಕೆಯೊಂದರಲ್ಲಿ ಸುತ್ತಿಕೊಂಡು ಹೆಂಗಸರ ಶೌಚಾಲಯದ ಪಕ್ಕದ ಮೆಟ್ಟಿಲ ಮೇಲೆ ನಿಂತು ತಿಂದೆ. ಒಳಗಿನ ತೆಂಗಿನಕಾಯಿ, ಎಳ್ಳು, ಏಲಕ್ಕಿಯ ಹೂರಣ ಎಂದಿನಂತೆಯೇ ಚೆನ್ನಾಗಿತ್ತು. ನಾಲ್ಕನೆಯ ದಿನ ಅವರೇ ಬಂದು ಡಬ್ಬಿಯನ್ನು ಎತ್ತಿಕೊಂಡರು. ಕೈಯಲ್ಲಿ ಹಿಡಿದು ತೂಕ ನೋಡಿದಂತೆ ಒಂದು ಕ್ಷಣ ನಿಂತರು. ಯಾರೂ ತಲೆ ಎತ್ತಲಿಲ್ಲ. ನಾನು ಕೆಂಪು ಪೆನ್ನಿನಿಂದ ಒಂದು ಸರಿಯುತ್ತರವನ್ನು ತಪ್ಪೆಂದು ಹೊಡೆದೆ.

ಮಾರ್ಚಿನಲ್ಲಿ ಅವರು ಕೆಲಸ ಬಿಟ್ಟರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇತ್ತು. ಬೀಳ್ಕೊಡುಗೆಯ ಸಭೆ ಗಡಿಬಿಡಿಯಲ್ಲಿ ನಡೆಯಿತು. ಹರೀಶ್ ಸರ್, "ಸಂಸ್ಥೆಗೆ ತುಂಬಲಾರದ ನಷ್ಟ" ಎಂದು ಭಾಷಣ ಮಾಡಿದರು. ಮಾನಪತ್ರ ಬರೆಯುವ ಕೆಲಸ, ಇಂಗ್ಲಿಷ್ ವಿಭಾಗವೆಂಬ ಕಾರಣಕ್ಕೆ, ನನಗೆ ಬಂತು. ನಿಷ್ಠೆ, ಸೇವೆ, ಸೌಜನ್ಯ ಎಂಬ ಮೂರು ಗುಣಗಳನ್ನು ನಾನು ಎಷ್ಟು ಸೊಗಸಾಗಿ ಬರೆದಿದ್ದೆನೆಂದರೆ ಓದಿ ಮುಗಿಸಿದಾಗ ಹರೀಶ್ ಸರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೆವ್ರಿನ್ ಮೇಡಂ ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡು, "ಥ್ಯಾಂಕ್ಸ್ ಮೇಡಂ" ಎಂದರು.

ಜೂನ್‌ನಲ್ಲಿ ಕಾಲೇಜು ಶುರುವಾದಾಗ ಲೈಬ್ರರಿಗೆ ಬೀಗ. ಪಠ್ಯಪುಸ್ತಕದ ಪ್ರತಿಗಳು ಬೇಕೆಂದು ಕೇಳಲು ಪ್ರಿನ್ಸಿಪಾಲರ ಚೇಂಬರಿಗೆ ಹೋದೆ. ಅವರು ತಲೆಯ ಮೇಲೆ ಕೈ ಹೊತ್ತುಕೊಂಡು ಕುಳಿತಿದ್ದರು.

"ಎಲ್ಲಿಯ ಪ್ರತಿ ಮೇಡಂ? ಗೆದ್ದಲು! ಎರಡು ಕಪಾಟು ಪೂರಾ ಹೋಯ್ತು. ಆ ಸೆವ್ರಿನ್ ಮೇಡಂ ಹೇಳ್ತಾ ಇದ್ರು. ಪ್ರತಿ ಗುರುವಾರ ಒಂದು ಪೇಪರ್ ಹಿಡ್ಕೊಂಡು ಬರುವುದು, ಗೆದ್ದಲಿಗೆ ಮದ್ದು ಹೊಡೆಸಿ ಅಂತ. ನಾನು ನೋಡುವ, ನೋಡುವ ಹೇಳಿ ಕಳಿಸಿದೆ."

"ಸರ್, ಮತ್ತೆ ಆ ಗೋಳಿಬಜೆಯ ಕಂಪ್ಲೇಂಟು?"

"ಎಂತ ಕಂಪ್ಲೇಂಟು?"

"ಸ್ಟಾಫ್ ರೂಮಿನ ವಿಷಯ ನಿಮಗೆ ಯಾರೋ ಹೇಳಿದ್ದರಲ್ಲ."

ಪ್ರಿನ್ಸಿಪಾಲರು ಕನ್ನಡಕ ತೆಗೆದರು. "ಯಾರು ಹೇಳ್ಬೇಕು ಮೇಡಂ? ನನಗೆ ಮೂಗು ಇಲ್ವಾ? ದಿನಾ ಹತ್ತೂವರೆಗೆ ಇಡೀ ಕಾರಿಡಾರ್ ಗೋಳಿಬಜೆಯ ಪರಿಮಳ. ಒಂದು ದಿನ, ಒಂದೇ ಒಂದು ದಿನ, ಸರ್‌ಗೆ ಎರಡು ಕೊಟ್ಟು ಬಾ ಲೀಲಕ್ಕ ಅಂತ ನಿಮಗೆ ಯಾರಿಗಾದ್ರೂ ತೋರಿತಾ?"

ನಾಟಕದಲ್ಲಿ ಇಂಥ ಉದ್ದೇಶವನ್ನು ಯಾವ ಪಾತ್ರಕ್ಕೂ ನಾನು ಬರೆಸಿರಲಿಲ್ಲ.

ಸ್ಟಾಫ್ ರೂಮಿಗೆ ಬಂದು ಎಲ್ಲರಿಗೂ ಹೇಳಿದೆ. ಎಲ್ಲರೂ ತಲೆ ತಗ್ಗಿಸುತ್ತಾರೆ, ಒಟ್ಟಾಗಿ ಹೋಗಿ ಕ್ಷಮೆ ಕೇಳೋಣ ಎನ್ನುತ್ತಾರೆ ಎಂದು ಎಣಿಸಿದ್ದೆ. ಹರೀಶ್ ಸರ್, "ನಾನು ಆಗ್ಲೇ ಹೇಳಿದ್ದೆ, ಅವರು ಅಂಥವರಲ್ಲ ಅಂತ" ಎಂದರು. ಯಾವಾಗ ಹೇಳಿದ್ದರೋ ದೇವರಿಗೇ ಗೊತ್ತು. ವಸಂತಿ ನನ್ನ ಮುಖ ನೋಡಿ ಮೆಲ್ಲಗೆ, "ನೋಡಿದ್ದು ನೀವೇ ಅಲ್ವಾ ಮೇಡಂ?" ಎಂದಳು. ಆಮೇಲೆ ಎಲ್ಲರೂ ತಮ್ಮ ತಮ್ಮ ತರಗತಿಗೆ ಸಮಯಕ್ಕೆ ಸರಿಯಾಗಿ ಹೋದರು.

ಕ್ಷಮೆ ಕೇಳಲು ಹೋಗಬೇಕೋ ಬೇಡವೋ ಎಂದು ಮೂರು ಭಾನುವಾರ ಯೋಚಿಸಿದೆ. ಮಸ್ಕತ್ತಿನ ಕೆಲಸ ಬಿಟ್ಟು ಬಂದ ಮೇಲೆ ದಿನಪತ್ರಿಕೆಯನ್ನು ಮೂರು ಸಲ ಓದುವುದೇ ಉದ್ಯೋಗವಾಗಿರುವ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಎಲ್ಲವನ್ನೂ ಎಂದರೆ, ಮಲ್ಲಿಗೆಯ ಪುಸ್ತಕವೊಂದನ್ನು ಬಿಟ್ಟು. ಅವರು, "ಮಂಡೆಬಿಸಿ ಮಾಡುವುದು ಸಾಕು, ಒಮ್ಮೆ ಹೋಗಿ ಬಾ" ಎಂದರು. ನಾಲ್ಕನೆಯ ಭಾನುವಾರ ಅರ್ಧ ಕಿಲೋ ಬಾಳೆಹಣ್ಣಿನ ಹಲ್ವ ಹಿಡಿದುಕೊಂಡು ಸೆವ್ರಿನ್ ಮೇಡಂ ಅವರ ಮನೆಯಿದ್ದ ಜೆಪ್ಪುವಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರು ಏನನ್ನಬಹುದು, ನಾನು ಏನನ್ನಬೇಕು ಎಂದು ಮನಸ್ಸಿನಲ್ಲೇ ದೃಶ್ಯ ಬರೆಯುತ್ತಿದ್ದೆ. ಒಂದು ದೃಶ್ಯದಲ್ಲಿ ಅವರು ಅತ್ತರು, ನಾನೂ ಅತ್ತೆ. ಇನ್ನೊಂದರಲ್ಲಿ ಅವರು ಬಾಗಿಲು ಹಾಕಿಕೊಂಡರು, ನಾನು ಮೆಟ್ಟಿಲ ಮೇಲೆ ಕುಳಿತೆ.

ಸೆವ್ರಿನ್ ಮೇಡಂ ಬಾಗಿಲು ತೆರೆದು, "ಬನ್ನಿ ಮೇಡಂ, ಬಿಸಿಲಿಗೆ ಬಂದ್ರಿ. ಕೂತ್ಕೊಳ್ಳಿ" ಎಂದರು. ಹಂಚಿನ ಮನೆ, ಅಡ್ಡಗೋಡೆಯ ಮೇಲೆ ಏಸುವಿನ ಪಟ. ಮೇಜಿನ ಮೇಲಿದ್ದ ಅಕ್ಕಪಕ್ಕದ ಮನೆಗಳ ಹರಿದ ಪುಸ್ತಕಗಳಿಗೆ ಅವರು ಅಂಟು ಹಾಕುತ್ತಿದ್ದರು. ಮೊದಲು ನನಗೆ ಕುಡಿಯಲು ನೀರು ತಂದರು. ಅದನ್ನು ಕುಡಿದು ನಾನು ಬರೆದುಕೊಂಡು ಬಂದಿದ್ದ ಎಲ್ಲ ವಾಕ್ಯಗಳನ್ನು ಮರೆತೆ. "ಆ ದಿನ ಸ್ಟಾಫ್ ರೂಮಿನಲ್ಲಿ ನಿಮ್ಮ ಹೆಸರು ಹೇಳಿದ್ದು ನಾನು" ಎಂದುಬಿಟ್ಟೆ.

"ಗೊತ್ತುಂಟು. ಲೀಲಕ್ಕ ಹೇಳಿದ್ಲು, ನಾನು ಬಿಟ್ಟ ಮೇಲೆ" ಎಂದರು. ಕೈಗೆ ಹತ್ತಿದ ಅಂಟನ್ನು ಉಜ್ಜಿ ತೆಗೆಯುತ್ತಿದ್ದರು. "ನನಗೆ ಆಗ ಒಂದೂ ಗೊತ್ತಿರ್ಲಿಲ್ಲ ಮೇಡಂ. ಒಂದು ದಿನ ಚಾ ಬರ್ಲಿಲ್ಲ. ಲೀಲಕ್ಕ ಮರ್ತಳು ಅಂತ ಎಣಿಸಿದೆ. ಮರುದಿನ ಕೂಡ ಬರ್ಲಿಲ್ಲ. ಆಮೇಲೆ ಯಾರೂ ಮಾತಾಡುವುದಿಲ್ಲ. ನಾನು ಎಂತದೋ ತಪ್ಪು ಮಾಡಿರ್ಬೇಕು, ಇಲ್ಲದಿದ್ರೆ ಇಷ್ಟು ಜನ ಸುಮ್ನೆ ಹಾಗೆ ಮಾಡ್ತಾರಾ ಅಂತ ಮನೆಗೆ ಬಂದು ಯೋಚನೆ ಮಾಡುವುದು. ಎಷ್ಟು ಯೋಚನೆ ಮಾಡಿದ್ರೂ ಸಿಕ್ಕುವುದಿಲ್ಲ. ಕಡೆಗೆ ಇಗರ್ಜಿಗೆ ಹೋಗಿ ಪಾಪನಿವೇದನೆಗೆ ಕೂತೆ. ಎಂತ ಪಾಪ ಮಾಡಿದ್ದೀ ಅಂತ ಫಾದರ್ ಕೇಳಿದ್ರು. ಗೊತ್ತಿಲ್ಲ ಫಾದರ್, ಆದ್ರೆ ಮಾಡಿದ್ದೇನೆ ಅಂತ ಹೇಳಿದೆ."

ಅವರು ನಕ್ಕರು. ನನಗೆ ನಗಲಾಗಲಿಲ್ಲ. ಇಷ್ಟು ವರ್ಷ ಬೆರಳು ತೋರಿಸಿದವರ ಮನಸ್ಸನ್ನೇ ನಾನು ವಿವರಿಸುತ್ತ ಬಂದಿದ್ದೆ. ಬೆರಳು ಯಾರ ಕಡೆ ತಿರುಗಿತೋ ಅವರು ಮನೆಗೆ ಹೋಗಿ ತಮ್ಮಲ್ಲೇ ತಪ್ಪು ಹುಡುಕುತ್ತಾರೆಂದು ನನ್ನ ನೋಟ್ಸಿನಲ್ಲಿ ಒಂದು ಸಾಲೂ ಇರಲಿಲ್ಲ.

"ನೀವು ಯಾಕೆ ಹೇಳಿದ್ದು ಮೇಡಂ?" ಎಂದು ಅವರು ಕೇಳಿದರು. ಸಿಟ್ಟಿನಿಂದ ಅಲ್ಲ. ಪುಸ್ತಕದ ಪುಟ ಯಾಕೆ ಹರಿದಿರಿ ಎಂದು ಮಕ್ಕಳನ್ನು ಕೇಳುವಂತೆ ಕೇಳಿದರು.

"ಆ ಪುಸ್ತಕದಿಂದಾಗಿ" ಎಂದೆ.

"ಯಾವ ಪುಸ್ತಕ?"

"ಮಲ್ಲಿಗೆಯದ್ದು. ಕೊಟ್ಟಿದ್ದೇನೆ ಅಂತ ನಾನು ಎಲ್ಲರ ಎದುರು ಸುಳ್ಳು ಹೇಳಿದೆನಲ್ಲ. ಆಮೇಲೆ ಕದ್ದು ಇಟ್ಟದ್ದು ನಿಮಗೆ ಗೊತ್ತಾಯ್ತಲ್ಲ."

ಸೆವ್ರಿನ್ ಮೇಡಂ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡರು. ಗೋಡೆ ನೋಡಿದರು, ನನ್ನನ್ನು ನೋಡಿದರು. ಪಾಪ, ನನಗೋಸ್ಕರ ನಿಜವಾಗಿಯೂ ಪ್ರಯತ್ನಪಟ್ಟರು. "ಇಲ್ಲ ಮೇಡಂ, ನೆನಪಾಗುವುದಿಲ್ಲ. ಟೀಚರ್ಸ್ ಎಲ್ಲರೂ ಹಾಗೇ ಮಾಡುವುದಲ್ವಾ, ತಂದು ಕಪಾಟಿನಲ್ಲಿ ಹಾಕಿ ಹೋಗುವುದು. ನಾನು ಎಷ್ಟು ಅಂತ ನೆನಪಿಡುವುದು?"

ನಾಲ್ಕು ವರ್ಷ ನಾನು ಹೊಟ್ಟೆಯಲ್ಲಿ ಸಾಕಿಕೊಂಡಿದ್ದ ಅವಮಾನ ಅವರ ರಿಜಿಸ್ಟರಿನ ಒಂದು ಸಾಲಿಗಿಂತ ಹೆಚ್ಚಿನದಾಗಿರಲಿಲ್ಲ.

ಚಹಾ ಮಾಡಿಕೊಟ್ಟರು. ಕುಡಿದೆ. ಹಲ್ವದ ಪೊಟ್ಟಣ ತೆಗೆದುಕೊಂಡು ಒಳಗಿಟ್ಟರು. ಕಾಲೇಜಿನಲ್ಲಿ ಎಲ್ಲರಿಗೂ ಸತ್ಯ ಹೇಳಿದ್ದೇನೆ ಎಂದೆ, ಪ್ರಿನ್ಸಿಪಾಲರಿಗೆ ಪತ್ರ ಬರೆಯುತ್ತೇನೆ, ನೀವು ಮತ್ತೆ ಬರಬೇಕು ಎಂದೆ. "ಎಂತಕ್ಕೆ ಈಗ" ಎಂದರು. ಗೇಟಿನವರೆಗೆ ಬಂದು ಬಿಟ್ಟರು. ನಾನು ಚಪ್ಪಲಿ ಮೆಟ್ಟುವಾಗ ಹೇಳಿದರು: "ಕೋಪ ಇಲ್ಲ ಮೇಡಂ ನನಗೆ. ನೀವು ಬಂದದ್ದು ಒಳ್ಳೇದಾಯ್ತು. ಆದ್ರೆ ಇನ್ನೊಮ್ಮೆ ಬರುವುದು ಬೇಡ, ಆಯ್ತಾ? ನಿಮ್ಮನ್ನು ನೋಡಿದ್ರೆ ಆ ಚಾದ ಲೋಟವೇ ನೆನಪಾಗ್ತದೆ." ಎಷ್ಟು ಮೆತ್ತಗೆ ಹೇಳಿದರೆಂದರೆ, ಹತ್ತು ಹೆಜ್ಜೆ ನಡೆದ ಮೇಲೆ ಅದು ನನಗೆ ತಟ್ಟಿತು. ತಿರುಗಿ ನೋಡಿದರೆ ಅವರು ಗೇಟಿನ ಚಿಲಕ ಹಾಕುತ್ತಿದ್ದರು.

ಮನೆಗೆ ಬಂದಾಗ ನಮ್ಮವರು ಪತ್ರಿಕೆಯನ್ನು ಮಡಚಿ ಕೇಳಿದರು: "ಎಂತ ಹೇಳಿದ್ರು?"

ಅವರು ನೀರು ಕೊಟ್ಟರು, ಚಹಾ ಕೊಟ್ಟರು, ಕೋಪವಿಲ್ಲ ಎಂದರು, ಇನ್ನು ಬರಬೇಡ ಎಂದರು. ಇಷ್ಟನ್ನು ಹೇಳಲು ಬಾಯಿ ತೆರೆದೆ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಮಲ್ಲಿಗೆಯಿಂದ ಶುರು ಮಾಡಬೇಕಾಗುತ್ತದೆ.

"ಬೈದರು" ಎಂದೆ. "ಚೆನ್ನಾಗಿ ಬೈದರು."

"ಅಯ್ಯೋ, ಮನೆಗೆ ಹೋದವರಿಗೆ ಬೈಯುವುದಾ?" ನಮ್ಮವರಿಗೆ ನನ್ನ ಬಗ್ಗೆ ತುಂಬ ಮರುಕವಾಯಿತು. "ನೋಡಿದ್ರೆ ಪಾಪದವರ ಹಾಗೆ ಕಾಣ್ತಾರೆ. ಜನ ಹೇಗೆ ಅಂತ ಹೇಳ್ಲಿಕ್ಕಾಗುವುದಿಲ್ಲ."

ನಾನು ಅಡುಗೆಮನೆಗೆ ಹೋದೆ. ಅಲ್ಲಿಗೂ ಕೇಳಿಸಿತು, ನಮ್ಮವರು ಫೋನಿನಲ್ಲಿ ತಮ್ಮ ಅಕ್ಕನಿಗೆ ಸೆವ್ರಿನ್ ಮೇಡಂ ಅವರ ಬಾಯಿ ಎಷ್ಟು ಜೋರೆಂದು ವಿವರಿಸುತ್ತಿದ್ದರು.